ಹಬಶಿಗಳ ಮೊಹಲ್ಲೆಯಲ್ಲಿ ಕಾಲ್ನಡಿಗೆ

ಒಂದು ಊರಿನ ಚರಿತ್ರೆಯನ್ನು ಅರಿಯಬೇಕಾದರೆ ಗ್ರಂಥಗಳನ್ನು ತಿರುವಿಹಾಕುವುದು ಒಂದು ಬಗೆ. ಆ ಊರಿನ ಓಣಿಗಳಲ್ಲಿ ನಡೆದುಹೋಗುವುದು ಇನ್ನೊಂದು ಬಗೆ. ಅರಸರ ಚರಿತ್ರೆಗೆ ಮೊದಲನೆಯ ಬಗೆ ಬಹುಮಟ್ಟಿಗೆ ಸಾಕಾಗುತ್ತದೆ. ಅವರಿಗೆ ಬರೆಯಿಸಿಕೊಳ್ಳುವ ಶಕ್ತಿಯಿತ್ತು. ಶಾಸನ ಹಾಕಿಸಿದರು, ಗುಮ್ಮಟ ಕಟ್ಟಿಸಿದರು, ಆಸ್ಥಾನದ ಬರೆಹಗಾರರಿಗೆ ಸಂಬಳ ಕೊಟ್ಟರು. ಆದರೆ ಆ ಅರಸರ ಬಾಗಿಲು ಕಾದವರ, ಅವರ ಕುದುರೆಗಳಿಗೆ ಮೇವು ಹಾಕಿದವರ, ಅವರ ಮೆರವಣಿಗೆಯ ಮುಂದೆ ವಾದ್ಯ ಬಾರಿಸಿದವರ ಚರಿತ್ರೆ ಬೇಕೆಂದರೆ ಕಾಲಿಗೆ ಕೆಲಸ ಕೊಡಲೇಬೇಕಾಗುತ್ತದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದನ್ನು ಕೇಳುತ್ತ ನಡೆದವನಿಗೆ ತಿಳಿಯುವ ಸಂಗತಿ ಗ್ಯಾಝೆಟಿಯರಿನ ಪುಟದಲ್ಲಿ ಸಿಕ್ಕುವುದಿಲ್ಲ ಎಂಬುದನ್ನು ನಮ್ಮ ಗದಗ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡನೆಯ ಬಗೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಅಮೇರಿಕದ ಕರಿಯ ವಿದ್ವಾಂಸ ಡು ಬಾಯ್ಸ್ ಮುಖ್ಯರು. 1896ರಲ್ಲಿ ಅವರು ಫಿಲಡೆಲ್ಫಿಯ ನಗರದ ಏಳನೆಯ ವಾರ್ಡಿನಲ್ಲಿ, ಕರಿಯರು ದಟ್ಟವಾಗಿ ನೆಲೆಸಿದ್ದ ಓಣಿಗಳ ನಡುವೆಯೇ, ಮನೆ ಮಾಡಿಕೊಂಡು ಬಾಗಿಲಿನಿಂದ ಬಾಗಿಲಿಗೆ ನಡೆದರು. ಯಾರು ಎಲ್ಲಿಂದ ಬಂದರು, ಏನು ಕೆಲಸ ಮಾಡುತ್ತಾರೆ, ಬಾಡಿಗೆ ಎಷ್ಟು ಕೊಡುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆಯೆ ಎಂದು ಸಾವಿರಾರು ಜನರನ್ನು ತಾವೇ ಕೇಳಿ ಬರೆದುಕೊಂಡರು. 1899ರಲ್ಲಿ ಹೊರಬಂದ ಅವರ ಗ್ರಂಥ ಆ ಕೇರಿಯ ಬಡತನಕ್ಕೆ ಅಲ್ಲಿಯ ಜನರ ರಕ್ತ ಕಾರಣವಲ್ಲ, ಅವರಿಗೆ ಮುಚ್ಚಿದ ಬಾಗಿಲುಗಳು ಕಾರಣ ಎಂಬುದನ್ನು ಲೆಕ್ಕ ಸಹಿತ ತೋರಿಸಿತು. 1946ರಲ್ಲಿ ಡಾ. ಅಂಬೇಡಕರ್ ಅವರು ಇದೇ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೇರಿಕದ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿದ್ದರೆಂಬುದನ್ನು ನೆನೆದರೆ, ಈ ವಿಷಯ ನಮಗೆ ತೀರ ದೂರದ್ದಲ್ಲ ಎಂಬುದು ಮನವರಿಕೆಯಾಗುತ್ತದೆ.

ಹಾಗಾದರೆ ಅಂಥ ಕೇರಿ ನಮ್ಮ ದಖ್ಖಣದಲ್ಲಿ ಉಂಟೆ? ಆಫ್ರಿಕದಿಂದ ಬಂದವರು ಬಾಳಿದ, ಇಂದಿಗೂ ಬಾಳುತ್ತಿರುವ ನಗರದ ಮೊಹಲ್ಲೆಯೊಂದನ್ನು ನಾವು ನಡೆದು ನೋಡಬಹುದೆ? ನೋಡಬಹುದು. ಅದು ನಿಲುಕದ ದೂರದಲ್ಲಿಯೂ ಇಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಮೊದಲು ವಿಜಾಪುರದ ಮೇಲೆ ಹಾಯುತ್ತದೆ. ಆದುದರಿಂದ ಹುಲಕೋಟಿಯಲ್ಲಿ ರೈಲು ಹತ್ತಿ, ಗದಗಿನಲ್ಲಿ ಬದಲಿಸಿ, ಉತ್ತರದ ಗಾಡಿ ಹಿಡಿಯುವ.

ಕೇಳುಗರೆ, 2014ರಿಂದ ವಿಜಯಪುರ ಎಂದು ಅಧಿಕೃತವಾಗಿ ಕರೆಯಿಸಿಕೊಳ್ಳುತ್ತಿರುವ ಈ ನಗರದ ಸ್ಟೇಶನ್ನಿನಿಂದ ಹೊರಗೆ ಬಂದೊಡನೆ ಕಣ್ಣನ್ನು ತುಂಬುವುದು ಗೋಲಗುಮ್ಮಟ. ಅಲ್ಲಿಂದ ಪಶ್ಚಿಮಕ್ಕೆ ಊರನ್ನೆಲ್ಲ ಸೀಳಿಕೊಂಡು ಕೋಟೆಯ ಆಚೆಯ ಇಬ್ರಾಹೀಮ ರೋಜಾದವರೆಗೆ ನಡೆದರೆ ಆದಿಲಶಾಹಿಯ ಇನ್ನೂರು ವರ್ಷಗಳನ್ನು ದಾಟಿದಂತಾಗುತ್ತದೆ. ಈ ದಾರಿಯನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನಡೆದವರೇ. ಸುಲ್ತಾನರ ಹೆಸರುಗಳನ್ನು ಬಾಯಿಪಾಠ ಮಾಡಿದವರೇ. ಆದರೆ ಈ ನಗರವನ್ನು ಎಷ್ಟೋ ವರ್ಷ ನಿಜವಾಗಿ ಆಳಿದವರು ಆಫ್ರಿಕದಲ್ಲಿ ಹುಟ್ಟಿದವರು ಎಂಬ ಮಾತನ್ನು ನಮಗೆ ಹೇಳಿಕೊಟ್ಟವರು ವಿರಳ.

ಅರಬರು ಇಥಿಯೋಪಿಯದ ಎತ್ತರದ ಸೀಮೆಗೆ ಹಬಶ್ ಎನ್ನುತ್ತಿದ್ದರು. ಅಲ್ಲಿಂದ ಬಂದವರು ಹಬಶಿಗಳು. ಸಿದ್ದಿ ಎಂಬ ಇನ್ನೊಂದು ಹೆಸರು, ಒಡೆಯ ಎಂಬ ಅರ್ಥದ ಅರಬ್ಬೀ ಗೌರವದ ಮಾತಿನಿಂದ ಬಂದುದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಗುಲಾಮನಾಗಿ ಬಂದವನಿಗೆ ಒಡೆಯನೆಂಬ ಹೆಸರು ಅಂಟಿಕೊಂಡದ್ದು ಚೋದ್ಯವೆನಿಸಬಹುದು. ಆದರೆ ದಖ್ಖಣದ ಸೈನಿಕ ಗುಲಾಮಗಿರಿಯ ರೀತಿಯನ್ನು ತಿಳಿದರೆ ಈ ಚೋದ್ಯ ಕಡಿಮೆಯಾಗುತ್ತದೆ. ಚಿಕ್ಕ ಹುಡುಗರನ್ನು ಕೆಂಪು ಸಮುದ್ರದ ಸಂತೆಗಳಲ್ಲಿ ಕೊಂಡು, ಧರ್ಮ ಬದಲಿಸಿ, ಹೆಸರು ಬದಲಿಸಿ, ಕತ್ತಿವರಸೆ, ಕುದುರೆ ಸವಾರಿ, ಲೆಕ್ಕಪತ್ರಗಳನ್ನು ಕಲಿಸುತ್ತಿದ್ದರು. ಅಂಥವನಿಗೆ ಈ ನೆಲದಲ್ಲಿ ಅಣ್ಣತಮ್ಮಂದಿರಿಲ್ಲ, ಭಾವಮೈದುನರಿಲ್ಲ. ಆದುದರಿಂದ ಒಡೆಯನಿಗೆ ಅವನ ಮೇಲೆ ನಂಬಿಗೆ ಹೆಚ್ಚು. ಒಡೆಯನು ಸತ್ತಾಗ ಬಿಡುಗಡೆ ಹೊಂದಿದವನು ಕತ್ತಿಯೊಂದನ್ನೇ ಆಸ್ತಿಯಾಗಿ ಹಿಡಿದು ಸರದಾರನಾಗಬಹುದಾಗಿತ್ತು. ಹೀಗೆ ಸರದಾರರಾದವರು ಒಬ್ಬಿಬ್ಬರಲ್ಲ.

1580ರಲ್ಲಿ ಎರಡನೆಯ ಇಬ್ರಾಹೀಮ ಆದಿಲಶಾಹನು ಬಾಲಕನಾಗಿಯೇ ಪಟ್ಟಕ್ಕೆ ಬಂದನು. ಆ ಎಳೆಯ ಅರಸನ ಹೆಸರಿನಲ್ಲಿ ಕಾರಭಾರ ನಡೆಸಲು ಮುಂದಾದವರು ಇಖ್ಲಾಸ್ ಖಾನ, ಹಮೀದ್ ಖಾನ, ದಿಲಾವರ್ ಖಾನ ಎಂಬ ಮೂವರು ಹಬಶಿ ಸರದಾರರು. ಕೊನೆಗೆ ಉಳಿದಿಬ್ಬರನ್ನು ಬದಿಗೊತ್ತಿ ದಿಲಾವರ್ ಖಾನನು 1590ರ ಸುಮಾರಿನವರೆಗೆ ರಾಜ್ಯದ ಸೂತ್ರವನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡನು. ಮುಂದೆ ಮಹಮ್ಮದ ಆದಿಲಶಾಹನ ಕಾಲದಲ್ಲಿ ಇನ್ನೊಬ್ಬ ಇಖ್ಲಾಸ್ ಖಾನನು ಪ್ರಬಲನಾದನು. ಸುಮಾರು 1645ರ ಒಂದು ಪ್ರಸಿದ್ಧ ಚಿತ್ರದಲ್ಲಿ ಸುಲ್ತಾನನು ಆನೆಯ ಮೇಲೆ ಕುಳಿತಿದ್ದಾನೆ. ಅವನ ಬೆನ್ನ ಹಿಂದೆ, ಅದೇ ಆನೆಯ ಮೇಲೆ, ಕಪ್ಪು ಮೈಬಣ್ಣದ ಇಖ್ಲಾಸ್ ಖಾನನೂ ಇದ್ದಾನೆ. ಅರಸನ ಆನೆಯನ್ನು ಹಂಚಿಕೊಂಡವನ ಸ್ಥಾನ ಎಷ್ಟು ದೊಡ್ಡದಿತ್ತೆಂಬುದನ್ನು ಚಿತ್ರಕಾರರು ಮಾತಿಲ್ಲದೆ ಹೇಳಿದ್ದಾರೆ. ಆದಿಲಶಾಹಿಯ ಕೊನೆಯ ದಿನಗಳಲ್ಲಿ, 1678ರಿಂದ ಕೆಲವು ವರ್ಷ, ಬಾಲಕ ಸಿಕಂದರನ ಪರವಾಗಿ ಆಡಳಿತ ಹೊತ್ತ ಸಿದ್ದಿ ಮಸೂದನೂ ಹಬಶಿಯೇ. ಅವನು ಬೇಸತ್ತು ಆದವಾನಿಗೆ ಹೋದ ಮೇಲೆ ಹೆಚ್ಚು ಕಾಲ ಕಳೆಯಲಿಲ್ಲ. 1686ರಲ್ಲಿ ನಗರ ಔರಂಗಜೇಬನ ವಶವಾಯಿತು.

ನಡೆಯುತ್ತ ಪಶ್ಚಿಮದ ತುದಿಗೆ ಬಂದೆವೆಂದರೆ ಇಬ್ರಾಹೀಮ ರೋಜಾ. ಕಲ್ಲಿನಲ್ಲಿ ಬರೆದ ಕಾವ್ಯವೆಂದು ನಾವು ಕೊಂಡಾಡುವ ಈ ಕಟ್ಟಡದ ಬರೆಹಗಳಲ್ಲಿ, ಅದನ್ನು ದುಡಿದು ನಿಲ್ಲಿಸಿದ ಮಲಿಕ್ ಸಂದಲನ ಹೆಸರಿದೆ. ಅವನೂ ಅಬಿಸೀನಿಯ ಮೂಲದವನೆಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಇಷ್ಟೆಲ್ಲ ಇದ್ದರೂ ಒಂದು ಮಾತನ್ನು ಮರೆಯಬಾರದು. ಇದು ಸರದಾರರ ಕಥೆ. ಅವರ ಹಿಂದೆ ಹೆಸರಿಲ್ಲದೆ ಕಾದಿ ಸತ್ತ ಸಾವಿರ ಮಂದಿ ಹಬಶಿ ಸಿಪಾಯಿಗಳಿದ್ದರು. ಅಂತಃಪುರಗಳಲ್ಲಿ ದುಡಿದ ಹಬಶಿ ಹೆಂಗಸರಿದ್ದರು. ಅವರ ಹೆಸರನ್ನು ಯಾವ ಕಲ್ಲಿನಲ್ಲಿಯೂ ಹುಡುಕುವಂತಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ದಖ್ಖಣದ ಸುಲ್ತಾನರ ಆಸ್ಥಾನಗಳಲ್ಲಿ ಎರಡು ಪಂಗಡಗಳಿದ್ದುವು. ಇರಾನ, ತುರ್ಕಸ್ತಾನಗಳ ಕಡೆಯಿಂದ ಬಂದ ಆಫಾಕಿಗಳದು ಒಂದು. ಈ ನೆಲದವರೆಂದು ಹೇಳಿಕೊಂಡ ದಖ್ಖಣಿಗಳದು ಇನ್ನೊಂದು. ಸಮುದ್ರದ ಆಚೆಯಿಂದ ಬಂದ ಹಬಶಿಗಳು ಯಾವ ಕಡೆಗೆ ಸೇರಿದರು? ಬಹುಮಟ್ಟಿಗೆ ದಖ್ಖಣಿಗಳ ಕಡೆಗೆ. ಇರಾನದಿಂದ ಬಂದವನು ಪರದೇಶಿಯೆನಿಸಿಕೊಂಡ ಕಾಲದಲ್ಲಿ ಇಥಿಯೋಪಿಯದಿಂದ ಬಂದವನು ಸ್ವದೇಶಿಯೆನಿಸಿಕೊಂಡನು. ಮೈಬಣ್ಣವನ್ನು ನೋಡಿ ನೆಲದ ಹಕ್ಕನ್ನು ಅಳೆಯುವ ರೂಢಿ ಆಗ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಅದೊಂದೇ ಅಳತೆಗೋಲು ಆಗಿರಲಿಲ್ಲ ಎಂಬುದು ನಿಶ್ಚಯ. ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈಗಳಿಗೆ ಮಾರಾಟವಾಗಿ, ಬಿಡುಗಡೆಯಾದ ಮೇಲೆ ಕೆಲವು ಕಾಲ ವಿಜಾಪುರದಲ್ಲಿಯೂ ಸೇವೆ ಮಾಡಿದ ಮಲಿಕ್ ಅಂಬರನು 1610ರಲ್ಲಿ ಖಡಕಿ ಎಂಬ ಪಟ್ಟಣವನ್ನು ಕಟ್ಟಿದನು. ಅದೇ ಮುಂದೆ ಔರಂಗಾಬಾದ ಎನಿಸಿತು. ನೆಲದೊಳಗಿನ ಕಾಲುವೆಗಳಿಂದ ಆ ಪಟ್ಟಣಕ್ಕೆ ನೀರು ತಂದವನು ಅವನು. ವಿಜಾಪುರದ ಪಕ್ಕದ ನವರಸಪುರವನ್ನು 1624ರಲ್ಲಿ ಸೂರೆ ಮಾಡಿದವನೂ ಅವನೇ. ಕಟ್ಟುವುದರಲ್ಲಿಯೂ ಕೆಡವುವುದರಲ್ಲಿಯೂ ಅವನು ಈ ನೆಲದ ಇತರ ದೊರೆಗಳಂತೆಯೇ ಇದ್ದನು, ಹೆಚ್ಚಲ್ಲ, ಕಡಿಮೆಯಲ್ಲ.

ವಿಜಾಪುರದಲ್ಲಿ ಉಳಿದಿರುವುದು ಗೋರಿಗಳು. ಬದುಕಿರುವ ಮೊಹಲ್ಲೆಯನ್ನು ಕಾಣಬೇಕಾದರೆ ಹೈದರಾಬಾದಿಗೆ ಹೋಗಬೇಕು. ಈ ಹೈದರಾಬಾದು ನಮಗೆ ಹೊರಗಿನದಲ್ಲ. 1948ರವರೆಗೆ ಮುಂಡರಗಿಯ ಮುಂದೆ ಕೆಲವೇ ಹರದಾರಿ ನಡೆದರೆ ನಿಜಾಮನ ಸೀಮೆ ಮೊದಲಾಗುತ್ತಿತ್ತು. ಕೊಪ್ಪಳದ ಜನ ಕನ್ನಡದವರು, ಆಳುವವನು ಹೈದರಾಬಾದಿನವನು. ಹೀಗಾಗಿ ನಿಜಾಮನ ಪಹರೆಯವರ ಕಥೆಯೂ ಒಂದು ಬಗೆಯಿಂದ ನಮ್ಮ ನೆರೆಮನೆಯ ಕಥೆಯೇ.

ಹೈದರಾಬಾದಿನಲ್ಲಿ ನಡೆಯುವವನಿಗೆ ಹೆಸರುಗಳೇ ದಾರಿ ತೋರಿಸುತ್ತವೆ. ಪಟ್ಟಣದ ನಡುವೆ ಸಿದ್ದಿ ಅಂಬರ ಬಜಾರ ಇದೆ. ಮೂಡಣ ದಿಕ್ಕಿಗೆ ಹಬ್ಸಿಗುಡಾ ಇದೆ. ದಕ್ಷಿಣದಲ್ಲಿ ಅರಬರ ಬಾರ್ಕಾಸ್ ಇದೆ. ಬ್ಯಾರಕ್ಸ್ ಎಂಬ ಇಂಗ್ಲಿಷ್ ಮಾತು ಜನರ ಬಾಯಲ್ಲಿ ಸವೆದು ಆದ ರೂಪ ಅದು. ಇವೆಲ್ಲಕ್ಕಿಂತ ನಮಗೆ ಬೇಕಾದದ್ದು ಎ.ಸಿ. ಗಾರ್ಡ್ಸ್. ಬಸ್ಸಿನ ಕಂಡಕ್ಟರ್ ಈ ಹೆಸರನ್ನು ದಿನಕ್ಕೆ ನೂರು ಬಾರಿ ಕೂಗಬಹುದು; ಇಳಿಯುವವರು ಇಳಿಯಬಹುದು. ಆ ಎರಡು ಅಕ್ಷರಗಳ ಅರ್ಥವೇನೆಂದು ಕೇಳುವವರು ಕಡಿಮೆ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್, ಎಂದರೆ ಆಫ್ರಿಕದವರ ಕುದುರೆ ಪಹರೆಯ ದಳ.

ಲಕಡೀ ಕಾ ಪೂಲ್ ಎಂಬಲ್ಲಿ ಇಳಿದು ಮಾಸಬ್ ಟ್ಯಾಂಕಿನ ಕಡೆಗೆ ನಡೆಯಬೇಕು. ಮೊದಲನೆಯದು ಕಟ್ಟಿಗೆಯ ಸೇತುವೆ. ಕಟ್ಟಿಗೆ ಹೋಗಿದೆ, ಹೆಸರು ಉಳಿದಿದೆ. ಎರಡನೆಯದು ಮಾ ಸಾಹೇಬಾ ತಾಲಾಬು. ಕೆರೆ ಹೋಗಿದೆ, ಹೆಸರು ಅರ್ಧ ಉಳಿದಿದೆ. ಇವೆರಡರ ನಡುವಿನ ಎ.ಸಿ. ಗಾರ್ಡ್ಸ್‌ನಲ್ಲಿ ದಳವೂ ಇಲ್ಲ, ಕುದುರೆಯೂ ಇಲ್ಲ. ವಿಜಾಪುರದಂತೆ ಗುಮ್ಮಟವನ್ನು ನೋಡಹೋದವನಿಗೆ ಇಲ್ಲಿ ನಿರಾಶೆಯಾಗುತ್ತದೆ. ಕಾಣುವುದು ಅಂಗಡಿ, ಆಸ್ಪತ್ರೆ, ಒತ್ತಿ ನಿಂತ ಅಂತಸ್ತಿನ ಮನೆಗಳು, ಅವುಗಳ ನಡುವೆ ಗಾಡಿಯೊಂದು ಕಷ್ಟದಿಂದ ಹಾಯುವ ಗಲ್ಲಿಗಳು. ಆದರೆ ಗಲ್ಲಿಯೊಳಗೆ ಹೋದವನಿಗೆ ಗುಂಗುರು ಕೂದಲಿನ, ಕಪ್ಪು ಮೈಬಣ್ಣದ, ಅಚ್ಚ ಹೈದರಾಬಾದೀ ಉರ್ದುವಿನಲ್ಲಿ ಮಾತನಾಡುವ ಜನ ಎದುರಾಗುತ್ತಾರೆ. ಚರಿತ್ರೆ ಇಲ್ಲಿ ಕಲ್ಲಿನಲ್ಲಿಲ್ಲ, ಮುಖಗಳಲ್ಲಿದೆ.

ಇವರು ಇಲ್ಲಿಗೆ ಬಂದ ಬಗೆ ವಿಜಾಪುರದ ಸರದಾರರು ಬಂದುದಕ್ಕಿಂತ ಬೇರೆ, ಕಾಲವೂ ಬೇರೆ. ರಾಯಚೂರಿನ ಆಚೆ, ಕೃಷ್ಣೆಯ ಕೊಳ್ಳದಲ್ಲಿ, ವನಪರ್ತಿ ಎಂಬ ಸಂಸ್ಥಾನವಿತ್ತು. 19ನೆಯ ಶತಮಾನದಲ್ಲಿ ಅಲ್ಲಿಯ ರಾಜನಾದ ರಾಮೇಶ್ವರರಾಯನು ಆಫ್ರಿಕದವರ ಒಂದು ದಳವನ್ನು ಕಟ್ಟಿ ಬೆಳೆಸಿದ್ದನು. ಆ ದಳ ಮುಂದೆ ನಿಜಾಮನ ಸೇನೆಗೆ ಸೇರಿತು. ಅರಮನೆಯ ಪಹರೆ, ದೊರೆಯ ಮೆರವಣಿಗೆಯ ಬೆಂಗಾವಲು ಇವು ಅವರ ಕೆಲಸಗಳಾದುವು. ಅವರಿಗಾಗಿ ಕಟ್ಟಿದ ಸಾಲುಮನೆಗಳ ತಾಣಕ್ಕೆ ದಳದ ಹೆಸರೇ ನಿಂತಿತು. ತಂದೆಯ ಕುದುರೆಯನ್ನು ಮಗ ಹತ್ತಿದನು. ಹೀಗೆ ತಲೆಮಾರುಗಳು ಉರುಳಿದುವು. ಅರಬ ಮನೆತನಗಳೊಂದಿಗೂ ಊರಿನ ಇತರ ಮುಸಲ್ಮಾನರೊಂದಿಗೂ ಬಳಕೆ ಬೆಳೆಯಿತು.

1948ರ ಸೆಪ್ಟೆಂಬರ 13ರಂದು ಭಾರತದ ಸೇನೆ ಹೈದರಾಬಾದ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮನು ಶರಣಾದನು. ಈ ದಿನದ ಬಗ್ಗೆ ಮಾತನಾಡುವಾಗ ನಾವು ಎಚ್ಚರದಿಂದಿರಬೇಕು. ನಮ್ಮ ಗಡಿಯಲ್ಲಿ ರಜಾಕಾರರ ಹಾವಳಿಯನ್ನು ಕಂಡವರಿಗೆ, ಮುಂಡರಗಿಯ ಶಿಬಿರದಲ್ಲಿ ನಿಂತು ಹೋರಾಡಿದವರಿಗೆ, ಕೊಪ್ಪಳ ರಾಯಚೂರು ಕಲಬುರ್ಗಿಗಳ ಕನ್ನಡಿಗರಿಗೆ ಅದು ಬಿಡುಗಡೆಯ ದಿನ. ಅದರಲ್ಲಿ ಎರಡು ಮಾತಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಪ್ರತಿ ವರ್ಷ ಅಂದು ಧ್ವಜ ಹಾರುತ್ತದೆ, ಹಾರಬೇಕಾದದ್ದೇ. ಆದರೆ ರಜಾಕಾರರು ಬೇರೆ, ಅರಮನೆಯ ಪಹರೆಯ ದಳ ಬೇರೆ. ಸಂಸ್ಥಾನದ ಸೇನೆಯನ್ನು ವಿಸರ್ಜಿಸಿದಾಗ ಈ ದಳವೂ ಇಲ್ಲದಾಯಿತು. ಕುದುರೆ ಹೋಯಿತು, ಸಮವಸ್ತ್ರ ಹೋಯಿತು, ತಿಂಗಳ ಸಂಬಳ ಹೋಯಿತು. ಹೊಲವಿಲ್ಲದ, ಅಂಗಡಿಯಿಲ್ಲದ, ಸಿಪಾಯಿಗಿರಿಯ ಹೊರತು ಬೇರೆ ಕಸಬು ಕಲಿಯದ ಜನ ಅವರು. ಕೆಲವರಿಗೆ ಚಿಕ್ಕ ಪುಟ್ಟ ನೌಕರಿ ದೊರೆಯಿತು. ಹಲವರು ಕೈಗೆ ಸಿಕ್ಕ ಕೂಲಿಗೆ ನಿಂತರು. ಒಂದೇ ಸೆಪ್ಟೆಂಬರ ತಿಂಗಳು ಒಂದು ಮನೆಯಲ್ಲಿ ಹೋಳಿಗೆಯನ್ನೂ ಇನ್ನೊಂದು ಮನೆಯಲ್ಲಿ ಉಪವಾಸವನ್ನೂ ತಂದಿತೆಂದರೆ ಹೋಳಿಗೆ ಉಂಡವರ ಸಂತೋಷ ಸುಳ್ಳಾಗುವುದಿಲ್ಲ. ಆದರೆ ಉಪವಾಸ ಬಿದ್ದವರ ಮಾತನ್ನು ಕೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಕಾಲ್ನಡಿಗೆ ನಮಗೆ ಕಲಿಸುವುದು ಇದನ್ನೇ. ಗ್ರಂಥದಲ್ಲಿ ಒಂದು ದಿನಾಂಕ ಒಂದೇ ಕಡೆಗೆ ಮುಖ ಮಾಡಿರುತ್ತದೆ. ಓಣಿಯಲ್ಲಿ ಅದಕ್ಕೆ ಮನೆಗೊಂದು ಮುಖ.

ಕತ್ತಿ ಹೋದರೂ ಕೈಯಲ್ಲಿ ಉಳಿದದ್ದು ವಾದ್ಯ. ಮರ್ಫಾ ಎಂಬ ಹೆಸರಿನ, ನಗಾರಿಯ ಜಾತಿಗೆ ಸೇರಿದ ಚರ್ಮವಾದ್ಯ. ಅದರ ಜೊತೆಗೆ ನಮ್ಮ ಹಲಗೆಯನ್ನು ನೆನಪಿಗೆ ತರುವ ದಫ್. ಹೈದರಾಬಾದಿನಲ್ಲಿ ಮದುವೆಯೆಂದರೆ ಮರ್ಫಾ ಬೇಕು. ಅರಬರ ಬಾರ್ಕಾಸಿನಲ್ಲಿಯೂ ಅದು ಉಂಟು, ಸಿದ್ದಿಗಳ ಎ.ಸಿ. ಗಾರ್ಡ್ಸ್‌ನಲ್ಲಿಯೂ ಉಂಟು. ಅದರ ಗತಿಯಲ್ಲಿ ಯೆಮೆನ್ ಎಷ್ಟು, ಆಫ್ರಿಕ ಎಷ್ಟು, ದಖ್ಖಣ ಎಷ್ಟು ಎಂದು ಬೇರ್ಪಡಿಸಿ ತೂಗುವುದು ಹಾಲಿನಿಂದ ನೀರನ್ನು ಬೇರ್ಪಡಿಸಿದಂತೆ. ದಿಬ್ಬಣದ ಮುಂದೆ ಆ ಗತಿ ಏರಿದಾಗ ಜಾತಿಮತ ನೋಡದೆ ಎಲ್ಲರೂ ಕುಣಿಯುತ್ತಾರೆ. ವಾದ್ಯ ನಿಂತ ಮೇಲೆ ಬಾರಿಸಿದವನ ಹೆಸರೇನು, ಅವನ ಮಗ ಯಾವ ಶಾಲೆಗೆ ಹೋಗುತ್ತಾನೆ ಎಂದು ಕೇಳುವವರು ಎಷ್ಟು ಮಂದಿ? ಕಲೆಯನ್ನು ಮೆಚ್ಚಿ ಕಲಾವಿದನನ್ನು ಮರೆಯುವ ಈ ರೂಢಿ ಹೈದರಾಬಾದಿನವರದು ಮಾತ್ರವಲ್ಲ. ನಮ್ಮ ಊರಿನ ಜಾತ್ರೆಯಲ್ಲಿ ಹಲಗೆ ಬಾರಿಸುವವನಿಗೂ ಇದೇ ಅನುಭವ.

ಈ ನಡಿಗೆಯನ್ನು ಹೈದರಾಬಾದಿನಲ್ಲಿಯೇ ಮುಗಿಸುವಂತಿಲ್ಲ. ನಗರದ ಮೊಹಲ್ಲೆಗೆ ಕಾಡಿನಲ್ಲಿ ಬಂಧುಗಳಿದ್ದಾರೆ. ನಮ್ಮ ಪಶ್ಚಿಮದ ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡಗಳ ಸಿದ್ದಿಗಳು ಬಹುತೇಕ ಪೋರ್ತುಗೀಜರ ಗೋವೆಗೆ ಗುಲಾಮರಾಗಿ ಬಂದವರ ಸಂತತಿ. ಘಟ್ಟದ ಕಾಡು ಅವರಲ್ಲಿ ಓಡಿಬಂದವರನ್ನು ಕಾಯಿತು. ಅವರಲ್ಲಿ ಹಿಂದುಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಅವರ ಹೆಂಗಸರು ಹೊಲಿಯುವ ಕೌದಿಗೆ ಇಂದು ದೂರದೇಶಗಳಲ್ಲಿಯೂ ಗಿರಾಕಿಗಳಿದ್ದಾರೆ. ಆ ಕೌದಿಯನ್ನು ನೋಡಿದ ಯಾವ ಗದಗಿನ ಅಜ್ಜಿಯೂ ಅದನ್ನು ಪರದೇಶದ ವಸ್ತುವೆನ್ನಲಾರಳು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆ ಜನಾಂಗದಿಂದ ನಮ್ಮ ಶಾಸನಸಭೆಗೆ ಬಂದ ಮೊದಲಿಗರು ಅವರು. ವಿಜಾಪುರದ ಪಟ್ಟದ ಪಕ್ಕದಲ್ಲಿ ಹಬಶಿಯೊಬ್ಬನು ನಿಂತು ನಾಲ್ಕು ನೂರು ವರ್ಷಗಳ ಮೇಲಾಗಿ ಈ ಮೊದಲು ಬಂದಿತೆಂಬುದನ್ನು ಗಮನಿಸಬೇಕು.

ಇಷ್ಟಾದರೂ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತ ಸಿದ್ದಿ ತರುಣನಿಗೆ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದೇ: ನೀವು ಯಾವ ದೇಶದವರು? ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ ಕೇಳಿದವನಿಗೆ ಅಚ್ಚರಿ. ಈ ಅಚ್ಚರಿಯಲ್ಲಿ ದ್ವೇಷವಿರಲಿಕ್ಕಿಲ್ಲ, ಇರುವುದು ಅಜ್ಞಾನ. ಆದರೆ ದಿನವೂ ಅದೇ ಪ್ರಶ್ನೆಗೆ ಉತ್ತರಿಸಬೇಕಾದವನಿಗೆ ಅಜ್ಞಾನದ ಭಾರವೂ ದ್ವೇಷದ ಭಾರದಷ್ಟೇ ಆಗುತ್ತದೆ. ಅವನ ಹಿರಿಯರನ್ನು ಈ ನೆಲ ಒಮ್ಮೆ ಪರದೇಶಿಗಳ ಎದುರು ಸ್ವದೇಶಿಗಳೆಂದು ಎಣಿಸಿತ್ತು. ಅಂದು ಕೊಟ್ಟ ಸ್ಥಾನವನ್ನು ಇಂದು ಹಿಂದಕ್ಕೆ ಪಡೆಯಲು ನಮಗೇನು ಅಧಿಕಾರ?

ಆದುದರಿಂದ ಹೈದರಾಬಾದಿಗೆ ಹೋಗುವ ತರುಣ ಮಿತ್ರರಿಗೆ ನನ್ನ ವಿನಂತಿ. ಚಾರಮಿನಾರವನ್ನು ನೋಡಿರಿ, ಗೋಲ್ಕೊಂಡೆಯನ್ನು ಹತ್ತಿರಿ. ಅರ್ಧ ದಿನವನ್ನು ಎ.ಸಿ. ಗಾರ್ಡ್ಸ್‌ಗಾಗಿ ಉಳಿಸಿಕೊಳ್ಳಿರಿ. ವಿಚಿತ್ರ ಪ್ರಾಣಿಯನ್ನು ನೋಡುವವರಂತೆ ಹೋಗಬೇಡಿರಿ. ಕ್ಯಾಮೆರಾ ಚೀಲದಲ್ಲಿಯೇ ಇರಲಿ. ಇರಾಣಿ ಹೋಟೆಲಿನಲ್ಲಿ ಒಂದು ಚಹಾ ಕುಡಿದು, ಗಲ್ಲಿಯ ಹಿರಿಯರು ಮಾತಿಗೆ ಸಿಕ್ಕರೆ ಸಲಾಮು ಹೇಳಿ, ಇಲ್ಲಿ ಕುದುರೆ ಲಾಯ ಎಲ್ಲಿತ್ತು ಎಂದು ಕೇಳಿರಿ. ಎಲ್ಲಿಂದ ಬಂದಿರಿ ಎಂದು ಕೇಳಬೇಡಿರಿ. ಆ ಪ್ರಶ್ನೆಯನ್ನು ಅವರು ನಿಮಗೆ ಕೇಳಲಿ. ಮುಂಡರಗಿಯಿಂದ, ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ, ಹುಲಕೋಟಿಯಿಂದ ಬಂದೆವೆಂದು ನೀವು ಉತ್ತರ ಕೊಡಿರಿ. ಆ ಓಣಿಯಲ್ಲಿ ಹೊರಗಿನವರು ನೀವು, ಮನೆಯವರು ಅವರು.